ಕಂಬದ ಮೇಲಿನ ಏಳು ಸಾಲು

ನಮ್ಮ ತವರೂರಿನ ಈಶ್ವರನ ಗುಡಿಗೆ ಎಣ್ಣೆಬಣ್ಣ ಹಚ್ಚಿಸಿದವರಲ್ಲಿ ನಾನೂ ಒಬ್ಬಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಳೆಯ ಗುಡಿಗಳ ಬಗ್ಗೆ ಬರೆಯುವವರು ಬಹಳ ಸಲ ಹಳ್ಳಿಯವರ ತಿಳಿಗೇಡಿತನವನ್ನು ಬೈಯುತ್ತಲೇ ಶುರು ಮಾಡುತ್ತಾರೆ. ನನಗೆ ಆ ಅಧಿಕಾರ ಇಲ್ಲ.

ಊರು ದೇವದುರ್ಗ ತಾಲ್ಲೂಕಿನದು. ಎರೆ ಹೊಲಗಳ ನಡುವಿನ ಸಣ್ಣ ಹಳ್ಳಿ. ಊರ ಹೊರಗೆ ಹುಣಸೆ ಮರದ ನೆರಳಲ್ಲಿ ಗುಡಿ. ಒಳಗೆ ಕತ್ತಲು, ಬಾವಲಿಗಳ ವಾಸನೆ, ಎಣ್ಣೆ ಕುಡಿದು ಕುಡಿದು ಕಪ್ಪಾದ ಕಂಬಗಳು. ಶ್ರಾವಣದ ಸೋಮವಾರ ಬಿಟ್ಟರೆ ಅತ್ತ ಸುಳಿಯುವವರೇ ಕಡಿಮೆ. 1996ರಲ್ಲಿ ಊರ ಹೆಣ್ಣುಮಕ್ಕಳೆಲ್ಲ ಸೇರಿ ಗುಡಿಯನ್ನು ಚೊಕ್ಕ ಮಾಡಿಸಬೇಕೆಂದು ನಿಶ್ಚಯಿಸಿದೆವು. ಕೊಟ್ಟ ಮನೆಗಳಿಂದ ತವರಿಗೆ ಬಂದವರು, ಊರಲ್ಲೇ ಇದ್ದವರು, ಎಲ್ಲರೂ ಕೈಲಾದಷ್ಟು ಹಾಕಿದೆವು. ನನ್ನ ಪಾಲಿಗೆ ಬಂದದ್ದು ರಾಯಚೂರಿನಿಂದ ಬಣ್ಣದ ಡಬ್ಬಿ ತರುವ ಕೆಲಸ. ಗೋಡೆಗೆ ಗುಲಾಬಿ, ಬಾಗಿಲುವಾಡಕ್ಕೆ ಹಸಿರು, ಕಂಬಗಳಿಗೆ ಹಳದಿ. ಆರಿಸಿದವಳೂ ನಾನೇ.

ಕೆಲಸ ಮುಗಿದ ದಿನ ಗುಡಿ ಮದುವೆ ಮನೆಯ ಹಾಗೆ ಕಂಡಿತು. ಎಲ್ಲರಿಗೂ ಸಂತೋಷ. ಸಂಜೆಗೆ ನಮ್ಮೂರ ಹಳೆಯ ಮಾಸ್ತರರು ಬಂದರು. ನನಗೆ ಅಕ್ಷರ ಕಲಿಸಿದವರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದವರು ಎಡಗಡೆಯ ಎರಡನೆಯ ಕಂಬದ ಮುಂದೆ ನಿಂತೇಬಿಟ್ಟರು. ಅದರ ಮೇಲೆ ಕೈಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಬಣ್ಣ ಚೊಲೊ ಆಗೈತವ್ವ. ಇಲ್ಲಿದ್ದ ಅಕ್ಷರ ಎಲ್ಲಿ ಹೋದವು?" ಎಂದರು.

ಆ ಅಕ್ಷರಗಳು ನನಗೆ ಗೊತ್ತಿದ್ದವು. ಚಿಕ್ಕಂದಿನಲ್ಲಿ ಅಜ್ಜಿಯ ಕೈಹಿಡಿದು ಹೋದಾಗ ಆ ಗುಂಡು ಗುಂಡು ಬರಹದ ತಗ್ಗಿನಲ್ಲಿ ಬೆರಳಾಡಿಸುತ್ತಿದ್ದೆ. "ಮುಟ್ಟಬ್ಯಾಡ, ದೇವರ ಬರಹ ಅದು" ಎಂದು ಅಜ್ಜಿ ಗದರುತ್ತಿದ್ದಳು. ಅದರಲ್ಲಿ ಹೂತಿಟ್ಟ ಬಂಗಾರದ ಗುಟ್ಟು ಬರೆದಿದೆ ಎಂದು ಊರಲ್ಲಿ ಹೇಳುತ್ತಿದ್ದರು. ಮಾಸ್ತರರು ಮಾತ್ರ ಎಂದೋ ಎಣಿಸಿ ಇಟ್ಟಿದ್ದರು. ಏಳು ಸಾಲು. "ಓದೋರು ಯಾರಾದ್ರೂ ಬಂದಾಗ ಓದಿಸಿದ್ರಾತು ಅಂತ ಬಿಟ್ಟಿದ್ದೆ. ನಂದೂ ತಪ್ಪೈತಿ" ಎಂದರು. ಬಣ್ಣದವನನ್ನು ಕರೆಸಿ ಕೇಳಿದೆವು. ಬಣ್ಣ ಹಿಡಿಯಲೆಂದು ಎಣ್ಣೆಜಿಡ್ಡನ್ನು ತಂತಿ ಬ್ರಷ್ಷಿನಿಂದ ತಿಕ್ಕಿ, ತಗ್ಗುಗಳಿಗೆಲ್ಲ ಪುಟ್ಟಿ ತುಂಬಿ, ಮೇಲೆ ಎರಡು ಕೋಟು ಹೊಡೆದಿದ್ದ. ಅವನದೇನೂ ತಪ್ಪಲ್ಲ. ಕಂಬ ನುಣ್ಣಗೆ ಇರಬೇಕೆಂದು ಹೇಳಿದವರು ನಾವೇ.

ಆ ದಿನದಿಂದ ನನಗೆ ಹಳೆಯ ಗುಡಿಗಳ ಗೀಳು ಹತ್ತಿತು. ನಾವು ಮುಚ್ಚಿದ್ದು ಏನನ್ನು ಎಂಬುದನ್ನಾದರೂ ತಿಳಿಯಬೇಕೆನಿಸಿತು.

ನಮ್ಮ ಜಿಲ್ಲೆ ಎರಡು ನದಿಗಳ ನಡುವಿನ ನೆಲ. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ಹಳೆಯ ಶಾಸನಗಳು ಈ ಸೀಮೆಯನ್ನು ಎಡೆದೊರೆ ನಾಡು ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವುದು ಎಡೆದೊರೆ. ಎಷ್ಟು ಚೆಂದದ ಹೆಸರು! ಅದನ್ನು ಮರೆತು ನಾವು ದೋಆಬ್ ಎನ್ನುತ್ತೇವೆ. ಹೊಲವೂ ಹೊನ್ನೂ ಇದ್ದ ನೆಲವಾದ್ದರಿಂದ ಇದರ ಮೇಲೆ ಕಣ್ಣು ಹಾಕದ ಅರಸುಮನೆತನವಿಲ್ಲ. ಚಾಲುಕ್ಯರು, ಚೋಳರು, ಕಾಕತೀಯರು, ವಿಜಯನಗರದವರು, ಬಹಮನಿಗಳು, ಆದಿಲಶಾಹಿಗಳು, ಕೊನೆಗೆ ನಿಜಾಮರು. ನಡುವೆ 1853ರಿಂದ 1860ರವರೆಗೆ ಇಂಗ್ಲಿಷರೂ ಇದನ್ನು ಇಟ್ಟುಕೊಂಡಿದ್ದು ನಿಜಾಮರಿಗೆ ಮರಳಿಸಿದರು. ಇಷ್ಟು ಕೈ ಬದಲಾದ ನೆಲದಲ್ಲಿ ಹಳ್ಳಿಗೊಂದು ಹಳೆಯ ಗುಡಿ ಉಳಿದದ್ದೇ ಆಶ್ಚರ್ಯ.

ನಮ್ಮ ಕಡೆಯ ಹಳೆಯ ಈಶ್ವರ ಗುಡಿಗಳಲ್ಲಿ ಬಹಳಷ್ಟು ಕಲ್ಯಾಣ ಚಾಲುಕ್ಯರ ಕಾಲದವು, ಅಂದರೆ ಹತ್ತರಿಂದ ಹನ್ನೆರಡನೆಯ ಶತಮಾನದವು. ಅವುಗಳ ಕಟ್ಟಡದ ಕ್ರಮ ಒಮ್ಮೆ ತಿಳಿದರೆ ಯಾವ ಊರಿಗೆ ಹೋದರೂ ಗುರುತು ಸಿಗುತ್ತದೆ. ಒಳಗೆ ಗರ್ಭಗುಡಿ. ಅದರ ಮುಂದೆ ಸಣ್ಣ ಅಂತರಾಳ. ಆಮೇಲೆ ನವರಂಗ. ನಡುವೆ ನಾಲ್ಕು ಕಂಬ ನಿಲ್ಲಿಸಿದರೆ ಮೇಲಿನ ಮಾಳಿಗೆ ಒಂಬತ್ತು ಅಂಕಣವಾಗುತ್ತದೆ. ನವರಂಗ ಎಂಬ ಹೆಸರಿನ ಲೆಕ್ಕ ಅದು. ನಡುವಿನ ಅಂಕಣದ ಮಾಳಿಗೆಯಲ್ಲಿ ಹಲವು ಕಡೆ ಅರಳಿದ ತಾವರೆ ಇರುತ್ತದೆ. ಗರ್ಭಗುಡಿಯ ಬಾಗಿಲ ಮೇಲೆ ನಡುವೆ ಗಜಲಕ್ಷ್ಮಿ, ಎರಡು ಬದಿಯ ಆನೆಗಳು ಅವಳಿಗೆ ನೀರೆರೆಯುತ್ತಿರುತ್ತವೆ. ಬಾಗಿಲುವಾಡಕ್ಕೆ ಸೀರೆಯ ಅಂಚಿನ ಹಾಗೆ ಒಂದರ ಪಕ್ಕ ಒಂದು ಪಟ್ಟಿ. ಒಂದರಲ್ಲಿ ಬಳ್ಳಿ, ಒಂದರಲ್ಲಿ ಹೂವು, ಒಂದರಲ್ಲಿ ಸಣ್ಣ ಕಂಬ. ಇವನ್ನು ಶಾಖೆಗಳು ಎನ್ನುತ್ತಾರೆ. ನಮ್ಮ ಇಳಕಲ್ಲ ಸೀರೆಯನ್ನು ಉಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಕಂಬಗಳ ಕೆಲಸ ನೋಡಬೇಕು. ಬಡಗಿ ತೊಟ್ಟಿಲ ಕಾಲನ್ನು ಚರಕಿಗೆ ಹಚ್ಚಿ ಕಡೆಯುವ ಹಾಗೆ ಅವರು ಕಲ್ಲಿನ ಕಂಬವನ್ನೇ ತಿರುಗಿಸಿ ಕಡೆಯುತ್ತಿದ್ದರು. ಆದ್ದರಿಂದಲೇ ಗಂಟೆಯ ಹಾಗೆ, ಬಳೆ ಏರಿಸಿದ ಹಾಗೆ ಅಷ್ಟು ಸಮನಾದ ಸುತ್ತುಗಳು. ಇಂಥ ಕೆಲಸಕ್ಕೆ ಅವರು ಮೆತ್ತಗಿನ ಬಳಪದ ಕಲ್ಲನ್ನು ಆರಿಸಿಕೊಳ್ಳುತ್ತಿದ್ದರು. ನುಣುಪು ಎಷ್ಟೆಂದರೆ ಕೆಲವು ಕಂಬಗಳಲ್ಲಿ ನಮ್ಮ ನೆರಳು ಕಾಣುತ್ತದೆ. ಅದಕ್ಕೆ ನಾವು ಹಳದಿ ಬಣ್ಣ ಬಳಿದು ನುಣುಪು ತರಲು ಹೋಗಿದ್ದೆವು!

ಇನ್ನು ಬರಹ. ಶಾಸನವೆಂದರೆ ರಾಜರ ಯುದ್ಧದ ಕಥೆ ಎಂದುಕೊಂಡಿದ್ದೆ. ಮೊದಲಿಗೆ ರಾಜರ ಬಿರುದುಗಳು ಇರುವುದು ನಿಜ. ಆದರೆ ಅವು ಮುಗಿದ ಮೇಲೆ ಬರುವುದು ಮನೆವಾರ್ತೆಯ ಮಾತು. ಇಂಥ ದೇವರ ನಂದಾದೀಪಕ್ಕೆ ಇಷ್ಟು ಎಣ್ಣೆ, ಗಾಣದವರು ಕೊಡತಕ್ಕದ್ದು. ನೈವೇದ್ಯಕ್ಕೆ ಇಷ್ಟು ಗದ್ದೆ. ಹೂವಿಗೆ ಒಂದು ತೋಟ. ಓದುವ ಹುಡುಗರ ಊಟಕ್ಕೆ, ಉಪಾಧ್ಯಾಯರ ಜೀವನಕ್ಕೆ, ಹಾಡಿ ಕುಣಿಯುವವರಿಗೆ, ಬಾವಿ ಕೆರೆಗಳ ದುರಸ್ತಿಗೆ ಇಷ್ಟಿಷ್ಟು. ಹೊಲದ ಎಲ್ಲೆ ಹೇಳುವಾಗ ಬನ್ನಿ ಮರ, ಹಳ್ಳ, ಹುತ್ತಗಳ ಗುರುತು. ಕೊಟ್ಟವರಲ್ಲಿ ರಾಣಿಯರಷ್ಟೇ ಅಲ್ಲ, ಗೌಡನ ಹೆಂಡತಿ, ವ್ಯಾಪಾರಿಯ ತಾಯಿ, ಗುಡಿಯ ನರ್ತಕಿಯರೂ ಇರುತ್ತಾರೆ. ಶಾಸನದ ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡಿಸುವ ಹಸು. ಸೂರ್ಯ ಚಂದ್ರರಿರುವ ತನಕ ಇದು ನಡೆಯಲಿ ಎಂದು ಅರ್ಥ. ಕೊನೆಯಲ್ಲಿ ಶಾಪ. ಈ ಧರ್ಮವನ್ನು ಕೆಡಿಸಿದವರಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಬರುತ್ತದೆ ಎಂದು. ಆ ಮಾತನ್ನು ಮೊದಲ ಸಲ ತಿಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮಾಸ್ತರರು ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಗಬ್ಬೂರಿಗೆ. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. ಆ ದಾರಿಯಲ್ಲಿ ನೂರಾರು ಸಲ ಬಸ್ಸಿನಲ್ಲಿ ಹೋಗಿದ್ದೆ, ಒಂದು ಸಲವೂ ಇಳಿದಿರಲಿಲ್ಲ. ಮಳೆ ಶಂಕರ, ವೆಂಕಟೇಶ್ವರ, ಈಶ್ವರ, ಬಂಗಾರ ಬಸಪ್ಪ, ಹನುಮಂತ ಎಂದು ಒಂದೇ ಊರಲ್ಲಿ ಎಷ್ಟೊಂದು ಗುಡಿಗಳು. ಕೆಲವು ಪಾಳು ಬಿದ್ದಿವೆ. ಬೂದಿ ಬಸವೇಶ್ವರ ಮಠವೂ ಇಲ್ಲಿಯದೇ. ಒಂದು ಕಾಲಕ್ಕೆ ಇದು ವಿದ್ಯೆಯ ದೊಡ್ಡ ಕೇಂದ್ರ, ಗೋಪುರಗ್ರಾಮ ಎಂದು ಇದರ ಹಳೆಯ ಹೆಸರು. ಅದು ನಮಗೆ ತಿಳಿದದ್ದು ಹೇಗೆ? ಇಲ್ಲಿನ ಶಾಸನಗಳಿಂದ. ಆ ಕಲ್ಲುಗಳನ್ನು ಯಾರಾದರೂ ಮೆಟ್ಟಿಲಿಗೋ ಬಚ್ಚಲಿಗೋ ಹಾಕಿದ್ದರೆ ಗಬ್ಬೂರು ಬರೀ ಗಬ್ಬೂರಾಗಿಯೇ ಉಳಿಯುತ್ತಿತ್ತು. ತನ್ನ ತವರಿನ ಹೆಸರನ್ನೇ ಮರೆತ ಹೆಣ್ಣಿನ ಹಾಗೆ.

"ಒಂದು ಸಾಲಿನ ಬೆಲೆ ಏನು ಅಂತ ತಿಳೀಬೇಕಾದ್ರ ಮಸ್ಕಿಗೆ ಹೋಗಬೇಕು" ಎಂದರು ಮಾಸ್ತರರು. ಮಸ್ಕಿ ನಮ್ಮ ಜಿಲ್ಲೆಯದೇ. ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆದ ಬರಹವನ್ನು 1915ರಲ್ಲಿ ಕಂಡುಹಿಡಿದವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಅಲ್ಲಿಯವರೆಗೆ ದೇಶದ ಉದ್ದಗಲಕ್ಕೆ ಸಿಕ್ಕಿದ್ದ ಇಂಥ ಬರಹಗಳಲ್ಲಿ ದೇವರಿಗೆ ಪ್ರಿಯನಾದ ಪ್ರಿಯದರ್ಶಿ ಎಂಬ ಬಿರುದು ಮಾತ್ರ ಇತ್ತು. ಅದು ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದ ಮೇಲೆ ಹೇಳುತ್ತಿದ್ದರು. ಮಸ್ಕಿಯ ಬಂಡೆಯ ಮೇಲೆ ಮೊದಲ ಸಲ ಅಶೋಕ ಎಂಬ ಹೆಸರೇ ಸಿಕ್ಕಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಂಗಳಲ್ಲೂ ಆ ಹೆಸರು ದೊರೆಯಿತು. ಮಸ್ಕಿಯ ಬರಹದ ತಿರುಳು ನನಗೆ ಇನ್ನೂ ಹಿಡಿಸಿತು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಸಣ್ಣವರಿಗೂ ಸಿಗುತ್ತದೆ, ಇದನ್ನು ದೊಡ್ಡವರಿಗೂ ಸಣ್ಣವರಿಗೂ ತಿಳಿಸಿರಿ ಎಂಬ ಮಾತು ಅದರಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಮಗಧದ ದೊರೆಯೊಬ್ಬ ಎಡೆದೊರೆಯ ಕುರಿ ಕಾಯುವವರಿಗೆ, ಉತ್ತುವವರಿಗೆ ಹೇಳಿ ಕಳಿಸಿದ ಮಾತು.

ಸಣ್ಣವರ ಮಾತು ಬಂತೆಂದು ಇನ್ನೊಂದು ಕಲ್ಲಿನ ಸುದ್ದಿ ಹೇಳುತ್ತೇನೆ. ಇದು ನಾನು ಇಷ್ಟು ವರ್ಷ ಬಾಳುವೆ ಮಾಡಿದ ರಾಯಚೂರು ಶಹರದ್ದೇ. ಬಸ್ ನಿಲ್ದಾಣದ ಹತ್ತಿರವೇ ಕೋಟೆ. ಅದಕ್ಕೆ ಎರಡು ಸುತ್ತು. ಹೊರಗಿನದು ಸುಲ್ತಾನರ ಕಾಲದ್ದು. ಒಳಗಿನದು ಅದಕ್ಕಿಂತ ಹಳೆಯದು, ಕೆತ್ತಿ ಸಮ ಮಾಡಿದ ದೊಡ್ಡ ದೊಡ್ಡ ಬಂಡೆಗಳನ್ನು ಗಾರೆಯಿಲ್ಲದೆ ಕೂಡಿಸಿ ಕಟ್ಟಿದ್ದು. ಆ ಒಳಗೋಡೆಯ ಪಡುವಣ ಬದಿಯಲ್ಲಿ ಒಂದೇ ಕಲ್ಲು 41 ಅಡಿ 8 ಅಂಗುಲ ಉದ್ದ ಇದೆ. ಎರಡು ಇಳಕಲ್ಲ ಸೀರೆಗಳನ್ನು ಸೆರಗಿಗೆ ಸೆರಗು ಹಿಡಿದರೂ ಅದರ ತುದಿ ಮುಟ್ಟುವುದಿಲ್ಲ. ಅದರ ಮೇಲೆ ಶಕ 1216ರ, ಅಂದರೆ 1294ರ ತೆಲುಗು ಶಾಸನವಿದೆ. ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ, ವಿಠ್ಠಲನಾಥ ಎಂಬ ಹೆಸರುಗಳು ಅದರಲ್ಲಿ ಬರುತ್ತವೆ. ಆದವಾನಿ, ತುಂಬಳ, ಮಾನುವ, ಹಾಲುವ ಕೋಟೆಗಳನ್ನು ಗೆದ್ದು, ರಾಯಚೂರನ್ನು ಹೊಕ್ಕು, ಜನರ ರಕ್ಷಣೆಗಾಗಿ ಈ ಕೋಟೆ ಕಟ್ಟಿಸಿದ್ದು ಎಂದು ಹೇಳುತ್ತದೆ. ಆ ಮಾನುವವೇ ಇಂದಿನ ನಮ್ಮ ಮಾನ್ವಿ.

ಇದು ರಾಣಿ ರುದ್ರಮದೇವಿ ಕಟ್ಟಿಸಿದ ಕೋಟೆ ಎಂದು ನಾನು ಬಹಳ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಹೆಣ್ಣೊಬ್ಬಳು ಕಟ್ಟಿಸಿದಳು ಎಂದರೆ ಯಾರಿಗೆ ಹಿತವಲ್ಲ? ಆದರೆ ತೆಲಂಗಾಣದ ಚಂದುಪಟ್ಲ ಎಂಬ ಊರಲ್ಲಿ ಸಿಕ್ಕ 1289ರ ಶಾಸನವೊಂದು ಆ ಹೊತ್ತಿಗೆ ರುದ್ರಮದೇವಿ ತೀರಿಹೋಗಿದ್ದಳೆಂದು ತಿಳಿಸಿತು. ಹಾಗಾಗಿ 1294ರಲ್ಲಿ ಆಳುತ್ತಿದ್ದವನು ಅವಳ ಮೊಮ್ಮಗ ಪ್ರತಾಪರುದ್ರ. ನೋಡಿ, ಅಲ್ಲಿಯ ಒಂದು ಹಳ್ಳಿಯ ಕಲ್ಲು ಇಲ್ಲಿಯ ಕೋಟೆಯ ಲೆಕ್ಕವನ್ನು ತಿದ್ದಿತು. ನಮ್ಮೂರ ಕಂಬದ ಏಳು ಸಾಲು ಯಾವ ಊರಿನ ಯಾವ ಲೆಕ್ಕವನ್ನು ತಿದ್ದಬಹುದಾಗಿತ್ತೋ!

ಆ ಉದ್ದನೆಯ ಕಲ್ಲಿನಲ್ಲಿ ನನ್ನ ಮನಸ್ಸು ನೆಟ್ಟದ್ದು ಮಾತ್ರ ಶಾಸನದ ಮೇಲಲ್ಲ. ಅದರ ಪಕ್ಕದಲ್ಲಿ ಗೋಡೆಗೆ ಗೆರೆ ಕೊರೆದು ಬಿಡಿಸಿದ ಒಂದು ಚಿತ್ರವಿದೆ. ಗುಡಿಯ ಶಿಲ್ಪದ ಹಾಗೆ ಎದ್ದು ಕಾಣುವುದಲ್ಲ. ಬೆಳಗಿನ ಓರೆ ಬಿಸಿಲಲ್ಲಿ ಹತ್ತಿರ ಹೋಗಿ ಹುಡುಕಬೇಕು. ಅಷ್ಟುದ್ದದ ಕಲ್ಲನ್ನು ಗಟ್ಟಿ ಗಾಲಿಯ ಬಂಡಿಯ ಮೇಲೆ ಹೇರಿದ್ದಾರೆ. ಮುಂದೆ ಕೋಣಗಳ ಉದ್ದನೆಯ ಸಾಲು. ಅವುಗಳನ್ನು ಹುರಿದುಂಬಿಸುವ ಆಳುಗಳು. ಗಾಲಿ ಕದಲಲೆಂದು ಸನ್ನೆಗೋಲು ಕೊಟ್ಟು ಮೀಟುವವರು. ಶಾಸನದಲ್ಲಿ ಗೆದ್ದವರ ಹೆಸರಿದೆ, ಹೊತ್ತವರ ಹೆಸರಿಲ್ಲ. ಆದರೆ ಹೊತ್ತವರ ಚಿತ್ರವಾದರೂ ಇದೆ. ಕೊರೆದ ಶಿಲ್ಪಿ ಆ ದಿನ ಅಲ್ಲೇ ನಿಂತು ಅವರ ಬೆವರು ಕಂಡವನಿರಬೇಕು. ಏಳು ನೂರು ವರ್ಷದ ಕೆಳಗೆ ಒಬ್ಬ ಗೆರೆ ಎಳೆಯುವವನಿಗೆ, ರಾಜನನ್ನು ಬಿಟ್ಟು ಕೋಣಗಳನ್ನು ಬಿಡಿಸಬೇಕೆನಿಸಿತಲ್ಲ! ನಮ್ಮ ಸೀಮೆಯ ಎಷ್ಟೋ ಶಿಲ್ಪಗಳನ್ನು ಆಮೇಲೆ ನೋಡಿದ್ದೇನೆ. ಇದರಷ್ಟು ನನ್ನನ್ನು ಹಿಡಿದು ನಿಲ್ಲಿಸಿದ್ದು ಮತ್ತೊಂದಿಲ್ಲ.

ಅದೇ ಕೋಟೆಯ ಒಳಗೆ ಏಕ್ ಮಿನಾರ್ ಮಸೀದಿ. ಬಹಮನಿ ಮಹಮೂದ್ ಶಾಹನ ಕಾಲದಲ್ಲಿ, ಹಿಜರಿ 919ರಲ್ಲಿ, ಅಂದರೆ 1513ರ ಸುಮಾರಿಗೆ ಅಂಬರ್ ಎಂಬುವನು ಕಟ್ಟಿಸಿದ್ದೆಂದು ಅಲ್ಲಿಯ ಪಾರಸಿ ಬರಹ ಹೇಳುತ್ತದೆ. ಮಸೀದಿ ಪುಟ್ಟದು, ಒಂಟಿ ಮಿನಾರು 65 ಅಡಿ ಎತ್ತರ. ಎರಡು ಅಂತಸ್ತು, ಸುತ್ತಲೂ ಚಾಚಿದ ಮೊಗಸಾಲೆ, ಒಳಗೆ ಸುತ್ತಿ ಏರುವ ಮೆಟ್ಟಿಲು. ಬೀದರಿನ ಮಹಮೂದ್ ಗವಾನನ ಮದರಸಾದ ಮಿನಾರು ಕಂಡವರಿಗೆ ಇದು ಅದರ ತಂಗಿಯೆಂದು ಗೊತ್ತಾಗುತ್ತದೆ. ಇದು ಎದ್ದ ಏಳೇ ವರ್ಷಕ್ಕೆ, 1520ರಲ್ಲಿ, ಕೃಷ್ಣದೇವರಾಯ ಇಸ್ಮಾಯಿಲ್ ಆದಿಲಶಾಹನ ಸೈನ್ಯವನ್ನು ಸೋಲಿಸಿ ರಾಯಚೂರನ್ನು ಗೆದ್ದುಕೊಂಡ. ಪೋರ್ಚುಗೀಸರ ನೂನಿಜ್ ಆ ಕಾಳಗದ ವರದಿಯನ್ನು ಬಹಳ ವಿವರವಾಗಿ ಬರೆದಿಟ್ಟಿದ್ದಾನೆ. ಅಷ್ಟು ದೊಡ್ಡ ಕಾಳಗ ನಡೆದು ಕೋಟೆ ಕೈ ಬದಲಾಯಿತು, ಆದರೆ ಮಿನಾರು ನಿಂತೇ ಇತ್ತು. ಕಾಕತೀಯರ ತೆಲುಗು, ಚಾಲುಕ್ಯರ ಕನ್ನಡ, ಬಹಮನಿಗಳ ಪಾರಸಿ, ಎಲ್ಲವನ್ನೂ ನಮ್ಮ ಕಲ್ಲು ಒಂದೇ ಸಮನೆ ಉಳಿಸಿಕೊಂಡಿದೆ. ಆಯ್ದು ಅಳಿಸುವ ಚಾಳಿ ಕಲ್ಲಿಗಿಲ್ಲ, ಮನುಷ್ಯರಿಗಿದೆ.

ರಾಯಚೂರಿನಿಂದ ಇನ್ನೊಂದು ದಾರಿ ಮಾನ್ವಿಯ ಕಡೆಗೆ ಹೋಗುತ್ತದೆ. ಆ ದಾರಿಯಲ್ಲಿ ಕಲ್ಲೂರು. ಹೆಸರಿಗೆ ತಕ್ಕಂತೆ ಸುತ್ತಲೂ ಕಲ್ಲುಗುಡ್ಡ. ಇಲ್ಲಿಯ ಹಳೆಯ ಗುಡಿಗಳಲ್ಲಿ ಮಾರ್ಕಂಡೇಶ್ವರ ಗುಡಿ ಮುಖ್ಯವಾದದ್ದು. ಅದರ ಕಂಬಗಳ ಮೇಲೂ ಕನ್ನಡ ಶಾಸನಗಳಿವೆ. ನನಗೆ ಮೊದಲು ಸಂತೋಷ, ಆಮೇಲೆ ಹೊಟ್ಟೆಯೊಳಗೆ ಒಂಥರಾ ಸಂಕಟ. ನಮ್ಮೂರ ಕಂಬವೂ ಹೀಗೇ ಇತ್ತಲ್ಲ.

ಅದೇ ಕಲ್ಲೂರಿನಲ್ಲಿ ಮಹಾಲಕ್ಷ್ಮಿಯ ಗುಡಿಯಿದೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಆ ತಾಯಿಯ ಪರಿಚಯ ಹೇಳುವುದೇ ಬೇಡ. ಕೊಲ್ಹಾಪುರಕ್ಕೆ ನಡೆದುಕೊಳ್ಳುತ್ತಿದ್ದ ಭಕ್ತನಿಗೆ ವಯಸ್ಸಾಗಿ ಹೋಗಲಾರದೆ ಹೋದಾಗ, ಅವನು ಗಂಧ ತೇಯುವ ಸಾಣೆಕಲ್ಲಿನಲ್ಲೇ ಲಕ್ಷ್ಮಿ ಮೂಡಿದಳೆಂದು ಹೇಳುತ್ತಾರೆ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ದಿನಾ ಕೈಯಾಡಿಸಿದ ಕಲ್ಲೇ ದೇವರಾಗುತ್ತದೆ ಎಂಬ ತಿಳಿವಳಿಕೆ ನನಗೆ ದೊಡ್ಡದಾಗಿ ಕಂಡಿತು.

ಮಾನ್ವಿಗೆ ಹೋದರೆ ಇದಕ್ಕೂ ಮುಂದಿನ ಮಾತು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಹುಟ್ಟಿದ್ದು ಮಾನ್ವಿಯ ಬಳಿಯ ಬ್ಯಾಗವಾಟದಲ್ಲಿ, 1728ರಲ್ಲಿ. ಬಾಳಿದ್ದು ಮಾನ್ವಿಯಲ್ಲಿ, 1809ರವರೆಗೆ. ಅವರ ಗುರು ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಅವರ ಗುರು ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು. ದಾಸರು ಇದ್ದ ಮನೆಯಲ್ಲಿ ಇಂದಿಗೂ ಪೂಜೆಗೊಳ್ಳುವುದು ಒಂದು ಕಂಬ. ಕಡೆದ ಕಂಬವಲ್ಲ, ಮನೆಯ ಮಾಳಿಗೆ ಹೊತ್ತ ಕಂಬ. ದಾಸರು ಅದರಲ್ಲಿ ನೆಲೆಸಿದ್ದಾರೆಂದು ಭಕ್ತರ ನಂಬಿಕೆ. ಕಲೆಯ ದೃಷ್ಟಿಯಿಂದ ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲದಿರಬಹುದು. ಆದರೂ ಅದರ ಮುಂದೆ ಕೂತು ಹಾಡುವ ಹೆಣ್ಣುಮಕ್ಕಳ ಮುಖ ನೋಡಿದಾಗ ಕಂಬ ಬದುಕುವುದು ಕೆತ್ತನೆಯಿಂದಲೋ ನೆನಪಿನಿಂದಲೋ ಎಂಬ ಪ್ರಶ್ನೆ ನನ್ನಲ್ಲಿ ಎದ್ದಿತು.

ಈ ಪ್ರಶ್ನೆಯನ್ನು ನನ್ನ ಅವ್ವ ಬೇರೆ ರೀತಿ ಕೇಳಿದಳು. ನಾನು ಊರಿಗೆ ಹೋದಾಗಲೆಲ್ಲ ಬಣ್ಣ ಹಚ್ಚಿದ್ದು ತಪ್ಪಾಯಿತು ಎಂದು ಹಲುಬುವುದನ್ನು ಕೇಳಿ ಕೇಳಿ ಬೇಸತ್ತು ಒಂದು ದಿನ ಅಂದಳು: "ಅಲ್ಲವ್ವ, ದೇವರು ಕತ್ತಲಾಗೇ ಕುಂದರಬೇಕೇನು? ಬಣ್ಣ ಹಚ್ಚಿದ ಮ್ಯಾಲೆ ದಿನಾ ದೀಪ ಹಚ್ಚಾಕ ಮಂದಿ ಬರಾಕತ್ಯಾರ. ಮೊದಲು ಬಾವಲಿ ಇದ್ದವು. ನಿನಗ ಅಕ್ಷರ ಬೇಕು, ನನಗ ದೀಪ ಬೇಕು."

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವ್ವ ಹೇಳಿದ್ದು ನಿಜ. ಯಾರೂ ಬಾರದ ಗುಡಿಯ ಗತಿ ನಾನು ಕಂಡಿದ್ದೇನೆ. ನಿಧಿಯಾಸೆಗೆ ಬಸವಣ್ಣನನ್ನು ಕಿತ್ತು ಕೆಳಗೆ ಅಗೆದ ಕುಣಿಗಳು, ಜಾಲಿ ಬೆಳೆದ ನವರಂಗ, ಒಂದೊಂದಾಗಿ ಕಾಣೆಯಾಗುವ ಕಲ್ಲುಗಳು. ಗುಡಿಯನ್ನು ಇಷ್ಟು ಶತಮಾನ ಕಾಯ್ದದ್ದು ಕಸ ಹೊಡೆದು ಎಣ್ಣೆ ಎರೆದ ಕೈಗಳೇ.

ಇದಕ್ಕೆ ಸನ್ನತಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕಲಬುರಗಿ ಜಿಲ್ಲೆಯ ಭೀಮೆಯ ದಡದ ಊರು, ಚಂದ್ರಲಾಂಬೆಯ ಕ್ಷೇತ್ರ. ಅಲ್ಲಿ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಮೂರ್ತಿ ಭಿನ್ನವಾಯಿತು. ಕಲ್ಲುಗಳನ್ನು ಸರಿಸಿ ನೋಡಿದರೆ ತಾಯಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಬರಹ! ಮೂರ್ತಿ ಕೂರಿಸಲೆಂದು ಎಂದೋ ಅದರ ನಡುವೆ ತೂತು ಕೊರೆದಿದ್ದರು, ಅಷ್ಟು ಅಕ್ಷರ ಹೋಗಿತ್ತು. ಆದರೆ ಪೀಠವಾಗಿ ಪೂಜೆಗೊಂಡದ್ದರಿಂದಲೇ ಉಳಿದ ಅಕ್ಷರ ಉಳಿದಿತ್ತು. ಪೂಜೆ ಕಾಯ್ದದ್ದೂ ನಿಜ, ಕೆಡಿಸಿದ್ದೂ ನಿಜ. ಕೊರೆದವರಿಗೆ ಅದರ ಬೆಲೆ ತಿಳಿದಿರಲಿಲ್ಲ, ಆ ಲಿಪಿಯನ್ನು ಓದುವವರೇ ಆಗ ಇರಲಿಲ್ಲ. ನಮಗೆ ಆ ನೆವ ಇಲ್ಲ. ಹಳಗನ್ನಡ ಲಿಪಿ ಓದಬಲ್ಲವರು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದ್ದಾರೆ. ಒಂದು ಕಾಗದ ಬರೆದಿದ್ದರೆ ಸಾಕಿತ್ತು.

ಕೆಲವು ವರ್ಷಗಳ ಮೇಲೆ ಇಂಥ ಕೆಲಸ ಬಲ್ಲವರೊಬ್ಬರನ್ನು ಊರಿಗೆ ಕರೆದುಕೊಂಡು ಹೋದೆ. ಅವರು ಅಂಗೈ ಅಗಲದಷ್ಟು ಜಾಗದಲ್ಲಿ ಮದ್ದು ಹಚ್ಚಿ ಹತ್ತಿಯಿಂದ ಮೆಲ್ಲಗೆ ಒರೆಸುತ್ತಾ ಒಂದು ಹೊತ್ತು ಕೂತರು. ಹಳದಿ ಹೋಯಿತು, ಪುಟ್ಟಿ ಹೋಯಿತು. ಕೆಳಗೆ ಕಂಡದ್ದು ಬ್ರಷ್ಷಿನ ತಂತಿ ಗೀಚಿದ ಅಡ್ಡಗೆರೆಗಳು. ಅವುಗಳ ನಡುವೆ ಮೂರೋ ನಾಲ್ಕೋ ಅಕ್ಷರದ ಬೆನ್ನು. ಓದಲು ಆಗಲಿಲ್ಲ. "ಇನ್ನು ಕೆದಕಬೇಡಿ. ಮುಂದೆ ಇನ್ನೂ ಒಳ್ಳೆಯ ವಿಧಾನ ಬರಬಹುದು" ಎಂದು ಹೇಳಿ ಹೋದರು. ಮಾಸ್ತರರು ಅಷ್ಟರಲ್ಲಿ ತೀರಿಕೊಂಡಿದ್ದರು. ಆ ಏಳು ಸಾಲಿನಲ್ಲಿ ಏನಿತ್ತೋ ನನ್ನ ಜೀವಮಾನದಲ್ಲಿ ತಿಳಿಯುವಂತಿಲ್ಲ. ನಂದಾದೀಪಕ್ಕೆ ಎಣ್ಣೆ ಬಿಟ್ಟ ನಮ್ಮೂರಿನ ಯಾವಳೋ ಒಬ್ಬಳ ಹೆಸರು ಇದ್ದೀತು. ಇದ್ದರೆ, ಅವಳನ್ನು ಅಳಿಸಿದವರು ಅವಳ ಹಾಗೆಯೇ ದೀಪಕ್ಕೆಂದು ದುಡ್ಡು ಕೂಡಿಸಿದ ನಾವು.

ಇದನ್ನು ಓದುವ ಅಕ್ಕತಂಗಿಯರಿಗೆ ಎರಡು ಮಾತು. ಪ್ರಾಚೀನ ಸ್ಮಾರಕಗಳಿಗೆ 1958ರ ಕೇಂದ್ರದ ಕಾಯಿದೆ ಇದೆ, 1961ರ ರಾಜ್ಯದ ಕಾಯಿದೆ ಇದೆ. ಆದರೆ ಅವು ಕಾಯುವುದು ಪಟ್ಟಿಯಲ್ಲಿ ಸೇರಿದ ಗುಡಿಗಳನ್ನು. ನಮ್ಮೂರಿನ ಗುಡಿಯಂಥವು ಪಟ್ಟಿಯಲ್ಲಿಲ್ಲ. ಅವುಗಳ ಕಾವಲು ನಮ್ಮದೇ. ಜೀರ್ಣೋದ್ಧಾರದ ಮಾತು ಬಂದಾಗ ಮೊದಲು ಗುಡಿಯ ಪ್ರತಿ ಕಂಬ, ಪ್ರತಿ ಗೋಡೆಯ ಚಿತ್ರ ತೆಗೆಸಿಡಿ. ಅಕ್ಷರ ಕಂಡರೆ ಓದುವವರಿಗೆ ತಿಳಿಸಿ. ಅವರು ಒದ್ದೆ ಕಾಗದ ಅಂಟಿಸಿ, ಕುಂಚದಿಂದ ಬಡಿದು, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆದುಕೊಳ್ಳುತ್ತಾರೆ. ಕಲ್ಲಿಗೆ ಏನೂ ಆಗುವುದಿಲ್ಲ. ಎಣ್ಣೆಬಣ್ಣ, ತಂತಿ ಬ್ರಷ್ಷು, ಮರಳು ಚಿಮ್ಮಿಸುವ ಯಂತ್ರ, ಇವು ಮೂರನ್ನು ಕಲ್ಲಿನ ಹತ್ತಿರ ಬಿಡಬೇಡಿ. ಕಸ ಹೊಡೆಯಿರಿ, ಬಾವಲಿ ಓಡಿಸಿ, ಸೋರುವ ಮಾಳಿಗೆ ಸರಿ ಮಾಡಿಸಿ. ದೀಪವನ್ನಂತೂ ಹಚ್ಚಲೇಬೇಕು.

2019ರಲ್ಲಿ ಊರಿನ ದೊಡ್ಡ ಮನೆಯವರು ನವರಂಗದ ನೆಲಕ್ಕೆ ಟೈಲ್ಸ್ ಹಾಕಿಸುತ್ತೇವೆಂದು ಮುಂದೆ ಬಂದರು. ನಾನು ಆ ದಿನ ಊರಲ್ಲಿ ಇರಲಿಲ್ಲ. ಫೋನಿನಲ್ಲಿ ಸುದ್ದಿ ಹೇಳಿದ್ದು ಅವ್ವ. ಸಭೆಯಲ್ಲಿ ಎದ್ದು ನಿಂತವಳೂ ಅವಳೇ ಅಂತೆ. ಎಂಬತ್ತು ದಾಟಿದ, ಓದು ಬಾರದ ಹೆಂಗಸು. "ಟೈಲ್ಸ್ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಮೊದಲು ಕೆಳಗಿನ ಕಲ್ಲಿನ ಮ್ಯಾಲೆ ಯಾರದರೆ ಹೆಸರು ಬರೆದೈತೇನು ನೋಡ್ರಿ" ಎಂದಳಂತೆ. ಹುಡುಗರು ನೀರು ಹಾಕಿ ನೆಲ ತೊಳೆದು, ಕಲ್ಲು ಕಲ್ಲನ್ನೂ ನೋಡಿದರು. ಹೆಸರು ಇರಲಿಲ್ಲ. ಮೂಲೆಯ ಒಂದು ಕಲ್ಲಿನ ಮೇಲೆ ಯಾರೋ ಎಂದೋ ಕೊರೆದ ಚೌಕಾಬಾರದ ಮನೆ ಇತ್ತು. ಟೈಲ್ಸ್ ಹಾಕಲಿಲ್ಲ.